ಕಾಲಿದ್ದಷ್ಟು ಆಸನ

ದ್ವಿಚಕ್ರ ವಾಹನವಿಲ್ಲದ ಮಧ್ಯಮವರ್ಗದ ನಗರ ಜೀವನವನ್ನು ಇಂದು ಊಹಿಸಿಕೊಳ್ಳುವುದೂ ಕಷ್ಟ. ಪುಣೆ, ಮುಂಬಯಿ, ಹೈದರಾಬಾದ್, ಚೆನ್ನೈಗಳಂತಹ ಮಹಾನಗರಗಳಲ್ಲಿ ನೆಲೆಸಿರುವ ಕನ್ನಡಿಗರ ಮಟ್ಟಿಗಂತೂ ಈ ಮಾತು ಇನ್ನಷ್ಟು ನಿಜ. ನಗರದ ನಡುವಿನ ಬಾಡಿಗೆ ಕೈಗೆಟುಕದೆ ಅವರಲ್ಲಿ ಅನೇಕರು ಹೊರವಲಯದ ಬಡಾವಣೆಗಳಲ್ಲಿ ಮನೆ ಹಿಡಿಯುತ್ತಾರೆ. ಕಚೇರಿ ಒಂದು ದಿಕ್ಕಿನಲ್ಲಿ, ಮಕ್ಕಳ ಶಾಲೆ ಇನ್ನೊಂದು ದಿಕ್ಕಿನಲ್ಲಿ, ಕನ್ನಡ ಸಂಘದ ಸಭಾಭವನ ಮತ್ತೊಂದು ದಿಕ್ಕಿನಲ್ಲಿ. ಈ ಮೂರನ್ನೂ ಒಂದೇ ದಿನದಲ್ಲಿ ಮುಟ್ಟಿ ಬರಲು ಮೋಟಾರ್‌ಸೈಕಲ್ ಅಥವಾ ಸ್ಕೂಟರ್ ಇಲ್ಲದೆ ಗತಿಯಿಲ್ಲ.

ಇಂತಹ ವಾಹನವನ್ನು ಕೊಳ್ಳುವಾಗ ಗೃಹಸ್ಥನು ಕೇಳುವ ಪ್ರಶ್ನೆಗಳಿಗೆ ಕೊರತೆಯಿಲ್ಲ. ಬೆಲೆಯೆಷ್ಟು, ಲೀಟರಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ, ಮಾಸಿಕ ಕಂತು ಎಷ್ಟು, ಬಡ್ಡಿಯ ದರವೇನು, ಐದು ವರ್ಷಗಳ ತರುವಾಯ ಮಾರಿದರೆ ಎಷ್ಟು ಬಂದೀತು ಎಂದೆಲ್ಲ ವಿಚಾರಿಸುತ್ತಾನೆ. ಸಾಲ ಕೊಡುವ ಸಂಸ್ಥೆಯೂ ಅವನ ವಯಸ್ಸು, ವೇತನ, ವಿಳಾಸ, ಜಾಮೀನುಗಳನ್ನು ಒಂದೂ ಬಿಡದೆ ಅರ್ಜಿಯಲ್ಲಿ ತುಂಬಿಸಿಕೊಳ್ಳುತ್ತದೆ. ಆದರೆ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಒಂದು ಪ್ರಶ್ನೆಯನ್ನು ಕೊಳ್ಳುವವನೂ ಕೇಳುವುದಿಲ್ಲ, ಮಾರುವವನೂ ಎತ್ತುವುದಿಲ್ಲ. ಆಸನದ ಮೇಲೆ ಕುಳಿತಾಗ ಸವಾರನ ಕಾಲು ನೆಲಕ್ಕೆ ಸರಿಯಾಗಿ ಊರುತ್ತದೆಯೆ?

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಹಣಕಾಸಿನ ವಿಷಯದಲ್ಲಿ ಚಿನ್ನದಂತಹ ಮಾತು. ಆದರೆ ಮೋಟಾರ್‌ಸೈಕಲ್ಲಿನ ವಿಷಯದಲ್ಲಿ ಅದನ್ನು ತಿರುಗಿಸಿ ಹೇಳಬೇಕಾಗುತ್ತದೆ. ಹಣವನ್ನು ಹಾಸಿಗೆಗೆ ತಕ್ಕಂತೆ ಕುಗ್ಗಿಸಬಹುದು. ಬೆಳೆದು ನಿಂತ ಕಾಲನ್ನು ಹಿಗ್ಗಿಸಲಾಗದು. ಆದ್ದರಿಂದ ಇಲ್ಲಿ ಕಾಲಿದ್ದಷ್ಟು ಆಸನವಿರಬೇಕು. ಹಾಗೆ ಹೊಂದಿಸಿಕೊಳ್ಳುವುದು ಸಾಧ್ಯವೂ ಹೌದು, ಅಗತ್ಯವೂ ಹೌದು. ಆದರೆ ಅದಕ್ಕೊಂದು ಕ್ರಮವಿದೆ, ಒಂದು ಮಿತಿಯಿದೆ. ಕ್ರಮ ತಪ್ಪಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚು.

ನಿಂತಲ್ಲಿ ಬೀಳುವ ವಾಹನ

2022ರಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ 1,68,491 ಜನ ಪ್ರಾಣ ಕಳೆದುಕೊಂಡರೆಂದು ಕೇಂದ್ರ ಸರಕಾರದ ವರದಿ ಹೇಳುತ್ತದೆ. ಅವರಲ್ಲಿ ಶೇಕಡ 44.5ರಷ್ಟು ಜನ ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದವರು. ಇವರೆಲ್ಲ ಕಾಲು ನೆಲಕ್ಕೆ ಎಟುಕದೆ ಸತ್ತರೆಂದು ಹೇಳುವುದು ಅವಿವೇಕವಾದೀತು. ಎಟುಕದ ಕಾಲಿನಿಂದ ಆಗುವ ಅವಘಡಗಳು ಇಂತಹ ಲೆಕ್ಕಗಳಲ್ಲಿ ಕಾಣಿಸಿಕೊಳ್ಳುವುದು ಅಪರೂಪ. ಕೆಂಪು ದೀಪದ ಮುಂದೆ ನಿಂತಾಗ ಪಕ್ಕಕ್ಕೆ ವಾಲಿ ಬಿದ್ದ ಸವಾರ, ಇಳಿಜಾರಿನಲ್ಲಿ ವಾಹನವನ್ನು ಹಿಂದಕ್ಕೆ ತಳ್ಳುವಾಗ ಉಳುಕಿದ ಪಾದದ ಕೀಲು, ಕಾದ ಸೈಲೆನ್ಸರಿನ ಕೆಳಗೆ ಸಿಕ್ಕ ಕಣಕಾಲು ಇವುಗಳಿಗೆ ಸಾಮಾನ್ಯವಾಗಿ ಪೋಲೀಸ್ ದೂರು ದಾಖಲಾಗುವುದಿಲ್ಲ. ಮುಲಾಮು, ಬಿಸಿನೀರಿನ ಶಾಖ, ಎರಡು ದಿನದ ರಜೆ, ಇಷ್ಟರಲ್ಲಿಯೇ ಅವು ಮುಗಿದುಹೋಗುತ್ತವೆ. ಒಮ್ಮೊಮ್ಮೆ ಮಾತ್ರ ಮೂಳೆ ಮುರಿದು ತಿಂಗಳುಗಟ್ಟಲೆ ಹಾಸಿಗೆ ಹಿಡಿಸುತ್ತವೆ.

ಪರನಾಡಿನಲ್ಲಿರುವ ಸಂಸಾರಕ್ಕೆ ಮೂಳೆ ಮುರಿಯುವುದೆಂದರೆ ಸಣ್ಣ ಸಂಗತಿಯಲ್ಲ. ಊರಿನಲ್ಲಾದರೆ ಅಣ್ಣ ಬಂದು ಆಸ್ಪತ್ರೆಗೆ ಕರೆದೊಯ್ದಾನು, ಅತ್ತಿಗೆ ಬಂದು ಅಡುಗೆ ಮಾಡಿಯಾಳು. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ, ಗಂಡ ಹೆಂಡತಿ ಇಬ್ಬರೂ ದುಡಿಯುವ ಸಂಸಾರದಲ್ಲಿ, ಒಬ್ಬರ ಕಾಲು ಮುರಿದರೆ ಇನ್ನೊಬ್ಬರ ಕೆಲಸವೂ ಕುಂಟುತ್ತದೆ. ಆದಕಾರಣ ಈ ವಿಷಯವನ್ನು ಕೇವಲ ಯುವಕರ ಹವ್ಯಾಸವೆಂದು ಭಾವಿಸದೆ, ಕುಟುಂಬದ ಆರೋಗ್ಯದ ವಿಷಯವೆಂದು ಪರಿಗಣಿಸುವುದು ಯುಕ್ತ.

ನಿಂತ ವಾಹನ ಬೀಳುವುದರ ಹಿಂದಿನ ತತ್ತ್ವ ಸರಳವಾದದ್ದು. ವಾಹನ ನೆಟ್ಟಗಿರುವಾಗ ಅದನ್ನು ಹಿಡಿದಿಡಲು ಹೆಚ್ಚು ಬಲ ಬೇಕಾಗದು. ಐದು ಡಿಗ್ರಿ ವಾಲಿದರೆ ಸ್ವಲ್ಪ ಬಲ ಬೇಕು; ಇಪ್ಪತ್ತು ಡಿಗ್ರಿ ವಾಲಿದರೆ ಅದರ ಸುಮಾರು ನಾಲ್ಕು ಪಟ್ಟು ಬೇಕಾಗುತ್ತದೆ. ಪಾದ ಊರುವವನು ಮೊದಲ ಐದು ಡಿಗ್ರಿಯಲ್ಲಿಯೇ ವಾಹನವನ್ನು ತಡೆದು ನಿಲ್ಲಿಸುತ್ತಾನೆ. ತುದಿಗಾಲಿನಲ್ಲಿ ನಿಲ್ಲುವವನ ಕಾಲು ನೆಲ ಮುಟ್ಟುವಷ್ಟರಲ್ಲಿ ವಾಹನ ಸಾಕಷ್ಟು ವಾಲಿರುತ್ತದೆ. 195 ಕಿಲೋಗ್ರಾಂ ತೂಗುವ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರಂತಹ ವಾಹನ ಹಾಗೆ ವಾಲಿದ ಮೇಲೆ ಬೆರಳತುದಿಯ ಬಲದಿಂದ ಅದನ್ನು ಎತ್ತಿ ನಿಲ್ಲಿಸಲು ಪೈಲ್ವಾನನಿಂದಲೂ ಆಗದು. ಹಿಂದೆ ಹೆಂಡತಿ, ನಡುವೆ ಮಗು, ಮುಂದೆ ತರಕಾರಿಯ ಚೀಲವಿದ್ದರಂತೂ ಹೇಳುವುದೇ ಬೇಡ.

ಅಳತೆ ಮೊದಲು, ಆಯ್ಕೆ ಆಮೇಲೆ

ಭಾರತೀಯ ಪುರುಷರ ಸರಾಸರಿ ಎತ್ತರ ಸುಮಾರು 165 ಸೆಂಟಿಮೀಟರ್, ಸ್ತ್ರೀಯರದು ಸುಮಾರು 153 ಸೆಂಟಿಮೀಟರ್. ಆದರೆ ವಾಹನದ ಮಟ್ಟಿಗೆ ನೆತ್ತಿಯವರೆಗಿನ ಎತ್ತರಕ್ಕಿಂತ ಕಾಲಿನ ಒಳ ಅಳತೆ ಮುಖ್ಯ. ಅದನ್ನು ತಿಳಿಯಲು ಬರಿಗಾಲಿನಲ್ಲಿ ಗೋಡೆಗೆ ಬೆನ್ನು ತಾಗಿಸಿ ನಿಂತು, ಗಟ್ಟಿ ರಟ್ಟಿನ ಪುಸ್ತಕವೊಂದನ್ನು ತೊಡೆಗಳ ಸಂದಿನಲ್ಲಿ ಮೇಲಕ್ಕೆ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗಿನ ಅಂತರವನ್ನು ಟೇಪಿನಿಂದ ಅಳೆದರಾಯಿತು. ಸಾಮಾನ್ಯವಾಗಿ ಇದು ದೇಹದ ಎತ್ತರದ ಶೇಕಡ 45ರ ಆಸುಪಾಸಿನಲ್ಲಿರುತ್ತದೆ. ಎಂದರೆ ಸರಾಸರಿ ಪುರುಷನಿಗೆ ಸುಮಾರು 74 ಸೆಂಟಿಮೀಟರ್, ಸ್ತ್ರೀಗೆ 69 ಸೆಂಟಿಮೀಟರ್.

ಈಗ ವಾಹನಗಳ ಕಡೆ ನೋಡಬಹುದು. ಹೀರೋ ಸ್ಪ್ಲೆಂಡರ್ ಪ್ಲಸ್‌ನ ಆಸನದ ಎತ್ತರ 785 ಮಿಲಿಮೀಟರ್. ಕ್ಲಾಸಿಕ್ 350ರದು 805, ಹಂಟರ್ 350ರದು 790, ಮೀಟಿಯೋರ್ 350ರದು 765. ಗುಡ್ಡಗಾಡಿನ ಪ್ರಯಾಣಕ್ಕೆಂದು ತಯಾರಾದ ಹಿಮಾಲಯನ್ 450ರದು 825. ಸ್ಕೂಟರೆಂದರೆ ತಗ್ಗಾಗಿಯೇ ಇರುತ್ತದೆಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಸುಜುಕಿ ಆಕ್ಸೆಸ್ 125ರ ಆಸನ 773 ಮಿಲಿಮೀಟರ್ ಎತ್ತರದಲ್ಲಿದೆ. ಅದು ಮೀಟಿಯೋರ್ ಎಂಬ ಭಾರಿ ಮೋಟಾರ್‌ಸೈಕಲ್ಲಿಗಿಂತ ಎಂಟು ಮಿಲಿಮೀಟರ್ ಹೆಚ್ಚು. ಸಾಲದುದಕ್ಕೆ ಸ್ಕೂಟರಿನ ಅಗಲವಾದ ಆಸನ ಮತ್ತು ಕಾಲಿಡುವ ಹಲಗೆಗಳು ಕಾಲುಗಳನ್ನು ಇನ್ನಷ್ಟು ಹೊರಕ್ಕೆ ತಳ್ಳುತ್ತವೆ.

ಅಂಕಿಗಳನ್ನು ನೋಡಿದೊಡನೆ ಗಾಬರಿಯಾಗಬೇಕಾಗಿಲ್ಲ. 740 ಮಿಲಿಮೀಟರ್ ಕಾಲಿನವನು 805 ಮಿಲಿಮೀಟರ್ ಆಸನದ ಮೇಲೆ ಕುಳಿತಾಗ ಕಾಗದದ ಲೆಕ್ಕದಂತೆ 65 ಮಿಲಿಮೀಟರ್ ಕೊರತೆಯಿದೆ. ಆದರೆ ಸವಾರ ಕುಳಿತೊಡನೆ ಅವನ ಭಾರಕ್ಕೆ ಸ್ಪ್ರಿಂಗುಗಳು ಎರಡು ಮೂರು ಸೆಂಟಿಮೀಟರ್ ಕುಗ್ಗುತ್ತವೆ. ಬೂಟಿನ ಅಟ್ಟೆ ಇನ್ನೊಂದೆರಡು ಸೆಂಟಿಮೀಟರ್ ಕೊಡುತ್ತದೆ. ಉಳಿದ ಕೊರತೆಯನ್ನು ಹಿಮ್ಮಡಿ ಎತ್ತಿ ತುಂಬಿಕೊಳ್ಳಬಹುದು. ಇದಕ್ಕೆ ವಿರುದ್ಧವಾಗಿ ಆಸನದ ಅಗಲ ಸ್ವಲ್ಪವನ್ನು ಕಿತ್ತುಕೊಳ್ಳುತ್ತದೆ. ಈ ಜಮಾ ಖರ್ಚುಗಳ ಕೊನೆಯಲ್ಲಿ ಉಳಿಯುವ ಶಿಲ್ಕು ಎಷ್ಟೆಂಬುದು ಅಂಗಡಿಯಲ್ಲಿ ವಾಹನದ ಮೇಲೆ ಕುಳಿತಾಗ ಮಾತ್ರ ಗೊತ್ತಾಗುವುದು. ದಿನವೂ ಹಾಕಿಕೊಳ್ಳುವ ಪಾದರಕ್ಷೆಯನ್ನೇ ಹಾಕಿಕೊಂಡು, ಸ್ಟ್ಯಾಂಡ್ ತೆಗೆದು, ಎರಡೂ ಕಾಲುಗಳ ಮೇಲೆ ಭಾರ ಬಿಟ್ಟು ನೋಡಬೇಕು. ಎರಡೂ ಪಾದಗಳು ಪೂರ್ತಿ ಊರಲೇಬೇಕೆಂಬ ನಿಯಮವೇನೂ ಇಲ್ಲ. ಎರಡೂ ಪಾದಗಳ ಮುಂಭಾಗ ಗಟ್ಟಿಯಾಗಿ ಊರಿದರೆ, ಅಥವಾ ಸೊಂಟವನ್ನು ಸ್ವಲ್ಪ ಸರಿಸಿದಾಗ ಒಂದು ಪಾದ ಪೂರ್ತಿ ಊರಿದರೆ ಸಾಕು. ಬರಿಯ ಬೆರಳತುದಿ ಮಾತ್ರ ತಾಗುತ್ತಿದ್ದರೆ ಅಲ್ಲಿ ಹೊಂದಾಣಿಕೆ ಬೇಕೆಂದು ತಿಳಿಯಬೇಕು. ವಾಹನ ಮನೆಗೆ ಬಂದ ಮೇಲೆ ಈ ಪರೀಕ್ಷೆ ಮಾಡುವುದು ಊರು ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಹಣ ಬೇಡದ ಉಪಾಯಗಳು

ಹೊಂದಾಣಿಕೆಯ ಮೊದಲ ಮೆಟ್ಟಿಲು ಸವಾರನ ಅಭ್ಯಾಸದಲ್ಲಿದೆ. ನಿಲ್ಲುವಾಗ ಎರಡು ಕಾಲುಗಳನ್ನೂ ಏಕಕಾಲಕ್ಕೆ ನೆಲಕ್ಕೆ ಚಾಚಲು ಹೆಣಗುವುದಕ್ಕಿಂತ, ಸೊಂಟವನ್ನು ಎಡಕ್ಕೆ ಸರಿಸಿ ಎಡಪಾದವನ್ನು ಪೂರ್ತಿ ಊರಿ, ಬಲಪಾದವನ್ನು ಹಿಂದಿನ ಬ್ರೇಕಿನ ಮೇಲೆಯೇ ಇಟ್ಟುಕೊಳ್ಳುವುದು ಮೋಟಾರ್‌ಸೈಕಲ್ ಸವಾರನಿಗೆ ಹೆಚ್ಚು ಸುರಕ್ಷಿತ. ನಿಲ್ಲುವ ಜಾಗವನ್ನೂ ಮೊದಲೇ ಆರಿಸಿಕೊಳ್ಳಬೇಕು. ನೀರು ಹರಿದು ಹೋಗಲೆಂದು ರಸ್ತೆಗಳು ಅಂಚಿನ ಕಡೆ ಇಳಿಜಾರಾಗಿರುತ್ತವೆ. ಎಡ ಅಂಚಿಗೆ ತೀರ ಹತ್ತಿರ ನಿಂತರೆ ಎಡಗಾಲಿಗೆ ನೆಲ ಇನ್ನಷ್ಟು ದೂರವಾಗುತ್ತದೆ. ಮಳೆಗಾಲದಲ್ಲಿ ಅಲ್ಲಿಯೇ ಗುಂಡಿಯೂ ಇರುತ್ತದೆ, ಗುಂಡಿಯ ಮೇಲೆ ಕೆಸರು ನೀರೂ ನಿಂತಿರುತ್ತದೆ. ಒಂದು ಮೊಳ ಬಲಕ್ಕೆ ನಿಂತರೆ ಎಷ್ಟೋ ಸಲ ಸಮಸ್ಯೆಯೇ ಉಳಿಯದು.

ಎರಡನೆಯದು ಪಾದರಕ್ಷೆ. ಚಪ್ಪಲಿ ಹಾಕಿಕೊಂಡು ವಾಹನ ಓಡಿಸುವುದು ಎತ್ತರದವರಿಗೂ ಅಪಾಯಕಾರಿಯೇ; ಗಿಡ್ಡವಾಗಿರುವವರಿಗೆ ಅದು ಎರಡು ಬಗೆಯಲ್ಲಿ ನಷ್ಟ. ದಪ್ಪ ಅಟ್ಟೆಯ, ಜಾರದ ತಳದ, ಕಣಕಾಲಿನ ಕೀಲನ್ನು ಮುಚ್ಚುವ ಬೂಟು ಎರಡು ಸೆಂಟಿಮೀಟರ್ ಎತ್ತರವನ್ನೂ ಕೊಡುತ್ತದೆ, ಕೀಲಿಗೆ ರಕ್ಷಣೆಯನ್ನೂ ಕೊಡುತ್ತದೆ. ಹೆಂಗಸರ ಎತ್ತರ ಹಿಮ್ಮಡಿಯ ಚಪ್ಪಲಿ ಮಾತ್ರ ಇಲ್ಲಿ ಪ್ರಯೋಜನಕ್ಕೆ ಬಾರದು. ಊರಬೇಕಾದ್ದು ಪಾದದ ಮುಂಭಾಗ, ಹಿಮ್ಮಡಿಯಲ್ಲ.

ಮೂರನೆಯದು ಹಿಂದಿನ ಸ್ಪ್ರಿಂಗಿನ ಬಿಗಿತ. ಅನೇಕ ಭಾರತೀಯ ಮೋಟಾರ್‌ಸೈಕಲ್ಲುಗಳಲ್ಲಿ ಇದನ್ನು ಐದಾರು ಹಂತಗಳಲ್ಲಿ ಬದಲಾಯಿಸುವ ಏರ್ಪಾಡಿದೆ. ಗಿಡ್ಡವಾಗಿರುವವರು ಬಹುಮಟ್ಟಿಗೆ ತೂಕದಲ್ಲಿಯೂ ಹಗುರ. ಐವತ್ತು ಕಿಲೋ ತೂಕದ ಸವಾರನ ಭಾರಕ್ಕೆ ಬಿಗಿ ಸ್ಪ್ರಿಂಗು ಕುಗ್ಗುವುದಿಲ್ಲ. ಆದ್ದರಿಂದ ಅವನಿಗೆ ವಾಹನ ಕಾಗದದ ಮೇಲಿರುವುದಕ್ಕಿಂತಲೂ ಎತ್ತರವೆನಿಸುತ್ತದೆ. ಅಂತಹವನು ಒಬ್ಬನೇ ಸವಾರಿ ಮಾಡುವಾಗ ಸ್ಪ್ರಿಂಗನ್ನು ಕಡಿಮೆ ಬಿಗಿತದ ಹಂತದಲ್ಲಿಡುವುದು ನ್ಯಾಯವೇ. ಅದು ವಾಹನವನ್ನು ಕೆಡಿಸಿದಂತಲ್ಲ, ಅವನ ತೂಕಕ್ಕೆ ಸರಿಪಡಿಸಿದಂತೆ. ಆದರೆ ಹಿಂದೆ ಮತ್ತೊಬ್ಬರು ಕುಳಿತುಕೊಳ್ಳುವ ದಿನ ಮರೆಯದೆ ಹಂತವನ್ನು ಏರಿಸಬೇಕು. ಇಲ್ಲದಿದ್ದರೆ ಗುಂಡಿ ಬಂದಾಗ ಸ್ಪ್ರಿಂಗು ತನ್ನ ಕೊನೆಯನ್ನು ಮುಟ್ಟಿ, ಆ ಪೆಟ್ಟು ನೇರವಾಗಿ ಇಬ್ಬರ ಬೆನ್ನುಮೂಳೆಗೂ ತಲುಪುತ್ತದೆ. ಹಿಂಭಾಗ ತಗ್ಗಿದಾಗ ಮುಂದಿನ ದೀಪದ ಬೆಳಕು ಮೇಲೆದ್ದು ಎದುರಿನವರ ಕಣ್ಣು ಕುಕ್ಕುತ್ತದೆಂಬುದನ್ನೂ ಗಮನಿಸಬೇಕು.

ಆಸನಕ್ಕೆ ಕತ್ತರಿ

ಇಷ್ಟರಿಂದಲೂ ಸಾಲದಿದ್ದರೆ ಆಸನದ ಸರದಿ. ಇಲ್ಲಿ ಬಹಳ ಜನ ತಿಳಿಯದ ಒಂದು ಅಂಶವಿದೆ. ಆಸನದ ಎತ್ತರವನ್ನು ಕಡಿಮೆ ಮಾಡುವುದಕ್ಕಿಂತ ಅದರ ಮುಂಭಾಗದ ಅಗಲವನ್ನು ಕಡಿಮೆ ಮಾಡುವುದು ಅನೇಕ ವೇಳೆ ಹೆಚ್ಚು ಫಲಕಾರಿ. ಪೆಟ್ರೋಲ್ ಟ್ಯಾಂಕಿಗೆ ಸೇರುವೆಡೆ ಆಸನದ ಎರಡೂ ಅಂಚುಗಳನ್ನು ಸವರಿ ಕಿರಿದು ಮಾಡಿದರೆ ತೊಡೆಗಳು ನೇರವಾಗಿ ಕೆಳಗಿಳಿಯುತ್ತವೆ. ಎತ್ತರ ಒಂದಿನಿತೂ ಬದಲಾಗದೆ ಕಾಲು ನೆಲಕ್ಕೆ ಸಮೀಪವಾಗುತ್ತದೆ. ಕುಳಿತುಕೊಳ್ಳುವ ಭಾಗದ ಫೋಮಿಗೆ ಕೈ ಹಚ್ಚುವ ಪ್ರಮೇಯವೇ ಬಾರದಿರಬಹುದು.

ಫೋಮನ್ನು ತೆಗೆಯಲೇಬೇಕಾದರೆ ಇಪ್ಪತ್ತು ಮಿಲಿಮೀಟರಿನ ಆಚೆ ಹೋಗದಿರುವುದು ಜಾಣತನ. ಮೆತ್ತೆ ತೆಳುವಾದಷ್ಟೂ ಕುಳಿತುಕೊಳ್ಳುವ ಮೂಳೆಗಳ ಮೇಲಿನ ಒತ್ತಡ ಹೆಚ್ಚುತ್ತದೆ. ಮನೆಯಿಂದ ಕಚೇರಿಗೆ ಎಂಟು ಕಿಲೋಮೀಟರ್ ಹೋಗುವಾಗ ಇದು ಅರಿವಿಗೆ ಬಾರದಿರಬಹುದು. ಪುಣೆಯಿಂದ ಸಾತಾರಾ, ಕೊಲ್ಲಾಪುರ, ನಿಪ್ಪಾಣಿಗಳ ಮಾರ್ಗವಾಗಿ ಬೆಳಗಾವಿಗೆ, ಸುಮಾರು 340 ಕಿಲೋಮೀಟರ್, ಹಬ್ಬಕ್ಕೆಂದು ಮೋಟಾರ್‌ಸೈಕಲ್ಲಿನಲ್ಲಿಯೇ ಊರಿಗೆ ಹೊರಡುವ ತರುಣನಿಗೆ ಖಂಬಾಟಕಿ ಘಾಟು ದಾಟುವಷ್ಟರಲ್ಲಿ ಕಳೆದುಕೊಂಡ ಫೋಮಿನ ಬೆಲೆ ತಿಳಿಯುತ್ತದೆ. ತೆಗೆದ ಮೆದು ಫೋಮಿನ ಬದಲಿಗೆ ಗಟ್ಟಿ ದರ್ಜೆಯ ಫೋಮಿನ ತೆಳು ಪದರ ಹಾಕಿಸಿದರೆ ಈ ತೊಂದರೆ ಸ್ವಲ್ಪ ತಗ್ಗುತ್ತದೆ. ಆಸನ ಮುಂದಕ್ಕೆ ಜಾರುವಂತೆ ಇಳಿಜಾರಾಗಿ ಕತ್ತರಿಸಬಾರದು. ಹಾಗಾದರೆ ಸವಾರ ಪ್ರತಿ ಬ್ರೇಕಿಗೂ ಟ್ಯಾಂಕಿಗೆ ಒತ್ತಿಕೊಂಡು, ಇಡೀ ಭಾರವನ್ನು ಮಣಿಕಟ್ಟಿನ ಮೇಲೆ ಹೊರಬೇಕಾಗುತ್ತದೆ.

ಮೊಣಕಾಲಿನ ಲೆಕ್ಕವೂ ಉಂಟು. ಆಸನ ಇಳಿದರೂ ಕಾಲಿಡುವ ಫುಟ್‌ರೆಸ್ಟ್ ಇದ್ದಲ್ಲಿಯೇ ಇರುತ್ತದೆ. ಎರಡರ ನಡುವಿನ ಅಂತರ ಕಡಿಮೆಯಾಗಿ ಮೊಣಕಾಲು ಹೆಚ್ಚು ಮಡಚಿಕೊಳ್ಳುತ್ತದೆ. ನಲವತ್ತು ದಾಟಿದ, ಮೆಟ್ಟಿಲು ಹತ್ತುವಾಗ ಮೊಣಕಾಲು ನೋಯುವ ವ್ಯಕ್ತಿಗೆ ನಿಂತಾಗಿನ ಅನುಕೂಲಕ್ಕಿಂತ ಓಡಿಸುವಾಗಿನ ನೋವು ದೊಡ್ಡದಾಗಬಹುದು. ಇನ್ನೊಂದೆಡೆ, ಸೊಂಟದ ಕೀಲು ಬಿಗಿದು ಕಾಲನ್ನು ಎತ್ತಿ ಆಚೆ ಹಾಕಲು ಕಷ್ಟಪಡುವ ವೃದ್ಧರಿಗೆ, ಅವರು ಎತ್ತರದವರೇ ಆಗಿದ್ದರೂ, ತಗ್ಗಿನ ಆಸನವೇ ಲೇಸು. ಹೀಗೆ ಒಬ್ಬೊಬ್ಬರ ದೇಹಕ್ಕೂ ಲೆಕ್ಕ ಬೇರೆ.

ಸೀಟು ಹೊಲಿಯುವ ಕುಶಲಕರ್ಮಿಗಳು ಎಲ್ಲ ಮಹಾನಗರಗಳಲ್ಲಿಯೂ ಇದ್ದಾರೆ. ಅವರಿಗೆ ಕೆಲಸ ಒಪ್ಪಿಸುವಾಗ ಎರಡು ಎಚ್ಚರಿಕೆಗಳು ಅಗತ್ಯ. ಒಂದು, ವಾಹನದೊಡನೆ ಬಂದ ಮೂಲ ಆಸನವನ್ನು ಕತ್ತರಿಸಲು ಕೊಡದೆ, ಸಾಧ್ಯವಾದರೆ ಬೇರೊಂದು ಆಸನವನ್ನು ಕೊಂಡು ಅದರ ಮೇಲೆ ಕೆಲಸ ಮಾಡಿಸುವುದು. ಮೂಲದ್ದು ಅಟ್ಟದ ಮೇಲೆ ಭದ್ರವಾಗಿದ್ದರೆ ಪ್ರಯೋಗ ಕೆಟ್ಟರೂ ಬಂಡವಾಳ ಕೆಡದು. ವಾಹನ ಮಾರುವ ದಿನ ಅದೇ ಬೆಲೆ ತರುತ್ತದೆ. ಎರಡು, ಬೇಕಾದ ಅಳತೆಯನ್ನು ಕಾಗದದ ಮೇಲೆ ಬರೆದು ಕೊಡುವುದು. ಅರೆಬರೆ ಮರಾಠಿಯಲ್ಲಿಯೋ ತಮಿಳಿನಲ್ಲಿಯೋ ತೆಲುಗಿನಲ್ಲಿಯೋ 'ಸ್ವಲ್ಪ ಇಳಿಸಿ' ಎಂದು ಹೇಳಿ ಬಂದರೆ ಅವನ ಸ್ವಲ್ಪವೂ ಇವನ ಸ್ವಲ್ಪವೂ ಒಂದೇ ಆಗಿರಬೇಕೆಂದೇನಿಲ್ಲ. ಮಿಲಿಮೀಟರಿಗೆ ಭಾಷಾಂತರ ಬೇಕಿಲ್ಲ.

ಲೋಹಕ್ಕೆ ಕೈ ಹಾಕುವ ಮುನ್ನ

ಕೊನೆಯ ಮೆಟ್ಟಿಲು ವಾಹನದ ಒಡಲನ್ನೇ ಇಳಿಸುವುದು. ಹಿಂದಿನ ಒಂಟಿ ಶಾಕ್ ಅಬ್ಸಾರ್ಬರಿಗೆ ಸೇರಿದ ಲಿಂಕುಗಳುಳ್ಳ ವಾಹನಗಳಲ್ಲಿ ಉದ್ದವಾದ ಬೇರೆ ಲಿಂಕುಗಳನ್ನು ಹಾಕುತ್ತಾರೆ. ಜೋಡಿ ಶಾಕ್ ಅಬ್ಸಾರ್ಬರುಗಳಿದ್ದರೆ ಗಿಡ್ಡವಾದವುಗಳನ್ನು ತೊಡಿಸುತ್ತಾರೆ. ಮುಂದೆ, ಫೋರ್ಕಿನ ಕೊಳವೆಗಳನ್ನು ಹಿಡಿದಿರುವ ಪಟ್ಟಿಗಳನ್ನು ಸಡಿಲಿಸಿ ಕೊಳವೆಗಳನ್ನು ಕೆಲವು ಮಿಲಿಮೀಟರ್ ಮೇಲಕ್ಕೆ ಸರಿಸುತ್ತಾರೆ. ಇವೆಲ್ಲ ತಿಳಿದವರ ಕೈಯಲ್ಲಿ ಆಗಬಹುದಾದ ಕೆಲಸಗಳೇ. ಆದರೆ ಇಲ್ಲಿ ಇಳಿಸಿದ ಪ್ರತಿಯೊಂದು ಮಿಲಿಮೀಟರಿಗೂ ಬೇರೆಲ್ಲೋ ಖರ್ಚು ಬೀಳುತ್ತದೆ. ಆ ಖರ್ಚನ್ನು ಬರೆದುಕೊಳ್ಳದೆ ಜಮಾ ಮಾತ್ರ ನೋಡುವವನು ಕೊನೆಗೆ ದಿವಾಳಿಯೆದ್ದಾನು.

ಮೊದಲ ಖರ್ಚು ನೆಲದಿಂದಿರುವ ಅಂತರದ್ದು. ಕ್ಲಾಸಿಕ್ 350ರ ಹೊಟ್ಟೆಯಡಿ 170 ಮಿಲಿಮೀಟರ್ ಅಂತರವಿದೆ. ನಲವತ್ತು ಇಳಿಸಿದರೆ ಉಳಿಯುವುದು 130. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ರಸ್ತೆಯ ಉಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲವಿದ್ದು ಮೆಲ್ಲನೆ ಏರಿ ಇಳಿಯಬೇಕು. ಬಡಾವಣೆಯ ಜನ ಸೇರಿ ರಾತ್ರೋರಾತ್ರಿ ಕಟ್ಟಿದ ಉಬ್ಬುಗಳು ಈ ಶಾಸ್ತ್ರವನ್ನು ಓದಿರುವುದಿಲ್ಲ. ಇಬ್ಬರ ಭಾರಕ್ಕೆ ಸ್ಪ್ರಿಂಗು ಕುಗ್ಗಿದ ಮೇಲೆ ಉಳಿದ ಅಂತರದಲ್ಲಿ ಅವುಗಳನ್ನು ದಾಟುವಾಗ ಎಂಜಿನ್ನಿನ ತಳವೋ ಸೈಲೆನ್ಸರೋ ತಾಗುವುದು ಬಹುಮಟ್ಟಿಗೆ ಖಂಡಿತ.

ಎರಡನೆಯ ಖರ್ಚು ಸ್ಟ್ಯಾಂಡಿನದು. ವಾಹನ ಇಳಿದರೂ ಸೈಡ್ ಸ್ಟ್ಯಾಂಡ್ ಮೊದಲಿನ ಉದ್ದವೇ ಇರುತ್ತದೆ. ಆಗ ವಾಹನ ಸಾಕಷ್ಟು ವಾಲದೆ ನೆಟ್ಟಗೆ ನಿಂತು, ಗಾಳಿಗೋ ಪಕ್ಕದವರ ಕೈ ತಾಗಿಯೋ ಆಚೆ ಮಗ್ಗುಲಿಗೆ ಉರುಳುತ್ತದೆ. ಅಲ್ಲಿ ಆಟವಾಡುವ ಮಗುವಿದ್ದರೆ ಏನಾದೀತೆಂದು ಯೋಚಿಸಬೇಕು. ಸ್ಟ್ಯಾಂಡನ್ನೂ ತಕ್ಕಷ್ಟು ಗಿಡ್ಡ ಮಾಡಿಸುವುದು ಅನಿವಾರ್ಯ. ಚೈನಿನ ಸಡಿಲವನ್ನೂ ಹೊಸದಾಗಿ ಹೊಂದಿಸಬೇಕಾಗುತ್ತದೆ.

ಮೂರನೆಯದು ಹ್ಯಾಂಡಲಿನ ನಡೆ. ಹಿಂಭಾಗವನ್ನು ಮಾತ್ರ ಇಳಿಸಿದರೆ ಮುಂದಿನ ಫೋರ್ಕು ಹೆಚ್ಚು ಚಾಚಿಕೊಂಡು ವಾಹನ ತಿರುಗಲು ಸೋಮಾರಿಯಾಗುತ್ತದೆ. ಮುಂಭಾಗವನ್ನು ಮಾತ್ರ ಇಳಿಸಿದರೆ ಹ್ಯಾಂಡಲು ಅತಿ ಚುರುಕಾಗಿ ವೇಗದಲ್ಲಿ ಸ್ಥಿರತೆ ಕೆಡುತ್ತದೆ. ಹಿಂದೆ ಎಷ್ಟು ಇಳಿಯಿತೋ ಮುಂದೆಯೂ ಸರಿಸುಮಾರು ಅಷ್ಟೇ ಇಳಿಯಬೇಕು. ಅದಕ್ಕೂ ಮಿತಿಯಿದೆ, ಕೊಳವೆಗಳನ್ನು ಅತಿಯಾಗಿ ಮೇಲೆ ಸರಿಸಿದರೆ ಸ್ಪ್ರಿಂಗು ಪೂರ್ತಿ ಕುಗ್ಗಿದಾಗ ಮುಂದಿನ ಚಕ್ರ ಅಥವಾ ಮಡ್‌ಗಾರ್ಡ್ ಮೇಲಿನ ಭಾಗಗಳಿಗೆ ಬಡಿಯುತ್ತದೆ.

ರಸ್ತೆ ಬದಿಯ ಕೆಲವು ಕಡೆ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗಿನಿಂದ ಒಂದೆರಡು ಸುತ್ತು ಕತ್ತರಿಸಿ ವಾಹನ ಇಳಿಸಿಕೊಡುವ ಪದ್ಧತಿಯೂ ಇದೆ. ಇದನ್ನು ನಿಸ್ಸಂದೇಹವಾಗಿ ಖಂಡಿಸಬೇಕು. ಸುತ್ತು ಕಡಿಮೆಯಾದ ಸ್ಪ್ರಿಂಗು ಗಿಡ್ಡವಾಗುವುದರ ಜೊತೆಗೆ ಮೊದಲಿಗಿಂತ ಗಡುಸೂ ಆಗುತ್ತದೆ. ಕತ್ತರಿಸಿದ ತುದಿ ತನ್ನ ಪೀಠದಲ್ಲಿ ಸಮನಾಗಿ ಕೂರುವುದೂ ಇಲ್ಲ. ನೂರಾರು ರೂಪಾಯಿ ಉಳಿಸಲು ಹೋಗಿ ಬೆನ್ನುಮೂಳೆಯನ್ನು ಅಡವಿಟ್ಟಂತೆ ಇದು.

ಕಾನೂನಿನ ಪ್ರಶ್ನೆಯನ್ನೂ ಮರೆಯುವಂತಿಲ್ಲ. ತಯಾರಕರು ಮೂಲತಃ ನಮೂದಿಸಿದ ವಿವರಗಳಿಂದ ನೋಂದಣಿ ಪತ್ರದ ವಿವರಗಳು ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಿಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ನಿಯಮವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಅನುಮತಿಯಿಲ್ಲದ ಮಾರ್ಪಾಡುಗಳಿಗೆ ದಂಡ, ಸೆರೆವಾಸಗಳನ್ನು ಗೊತ್ತುಪಡಿಸಿತು. ಆಸನದ ಮೆತ್ತೆಯ ದಪ್ಪ ನೋಂದಣಿ ಪತ್ರದಲ್ಲಿ ಬರೆಯುವ ವಿಷಯವಲ್ಲ. ಆದರೆ ಲಿಂಕು, ಫೋರ್ಕು, ಶಾಕ್ ಅಬ್ಸಾರ್ಬರುಗಳನ್ನು ಬದಲಿಸುವ ಮುನ್ನ ತಯಾರಕರ ಅಧಿಕೃತ ಕೇಂದ್ರದಲ್ಲಿ ವಿಚಾರಿಸುವುದು, ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸುವುದು ವಿವೇಕದ ಮಾರ್ಗ. ತಿಳಿಸದೆ ಮಾಡಿದ ಮಾರ್ಪಾಡು ಪರಿಹಾರ ಕೇಳುವ ದಿನ ಎದ್ದು ಎದುರಿಗೆ ನಿಂತೀತು.

ಹೊಣೆ ಯಾರದು?

'ಗಿಡ್ಡವಾಗಿರುವವರು ತಗ್ಗಿನ ವಾಹನ ಕೊಂಡರಾಯಿತು, ಇಷ್ಟೆಲ್ಲ ಉಸಾಬರಿ ಏಕೆ?' ಎಂದು ಕೆಲವರು ಕೇಳಬಹುದು. ತಗ್ಗಿನ ವಾಹನಗಳು ಜನರಿಗೆ ಎಷ್ಟು ಉಪಕಾರ ಮಾಡಿವೆಯೆಂಬುದನ್ನು ಅಲ್ಲಗಳೆಯುವಂತಿಲ್ಲ. 1972ರಲ್ಲಿ ಪುಣೆಯ ಕೈನೆಟಿಕ್ ಕಾರ್ಖಾನೆಯಿಂದ ಹೊರಬಂದ ಲೂನಾ, ಮೋಟಾರ್‌ಸೈಕಲ್ ಹತ್ತಲು ಅಂಜುತ್ತಿದ್ದ ಎಷ್ಟೋ ಗುಮಾಸ್ತರಿಗೆ, ಶಿಕ್ಷಕಿಯರಿಗೆ ಸ್ವಂತ ವಾಹನದ ಸುಖ ಕೊಟ್ಟಿತು. ಆದರೆ ಎಲ್ಲರ ಅಗತ್ಯವೂ ಒಂದೇ ಅಲ್ಲ. ಘಟ್ಟದ ದಾರಿಯಲ್ಲಿ ಓಡಾಡಬೇಕಾದವರಿಗೆ, ದೂರ ಪ್ರಯಾಣ ಮಾಡುವವರಿಗೆ ದೊಡ್ಡ ಚಕ್ರದ, ಶಕ್ತಿಯುತವಾದ ವಾಹನವೇ ಬೇಕಾಗಬಹುದು. ಕಾಲು ಎರಡು ಅಂಗುಲ ಕಡಿಮೆಯೆಂಬ ಒಂದೇ ಕಾರಣಕ್ಕೆ ಅವರನ್ನು ಆ ಆಯ್ಕೆಯಿಂದ ಹೊರಗಿಡುವುದು ನ್ಯಾಯವಲ್ಲ.

'ಅಭ್ಯಾಸವಾದರೆ ಎತ್ತರ ಲೆಕ್ಕಕ್ಕಿಲ್ಲ' ಎಂಬುದು ಇನ್ನೊಂದು ವಾದ. ಅಭ್ಯಾಸದಿಂದ ಬಹಳಷ್ಟು ಸಾಧ್ಯವೆಂಬುದು ನಿಜ. ಸ್ಪರ್ಧೆಯ ಬಯಲಿನಲ್ಲಿ ಒಬ್ಬನೇ ಓಡಿಸುವ ನಿಪುಣನಿಗೆ ತುದಿಗಾಲೇ ಸಾಕಾದೀತು. ದಿನದಲ್ಲಿ ನಲವತ್ತು ಸಲ ಸಿಗ್ನಲ್ಲಿಗೆ ನಿಲ್ಲುವ, ಹಿಂದೆ ಸಂಸಾರವನ್ನು ಕೂರಿಸಿಕೊಂಡ, ದಣಿದ ನೌಕರನಿಗೆ ಆ ಮಾತು ಸಲ್ಲದು.

ಈ ವಿಷಯದಲ್ಲಿ ದೊಡ್ಡ ಹೊಣೆ ತಯಾರಕರದು. ಅವರಿಗೆ ಇದು ಅಸಾಧ್ಯವೇನಲ್ಲವೆಂಬುದಕ್ಕೆ ಉದಾಹರಣೆಗಳಿವೆ. ಹಿಮಾಲಯನ್ 450ರ ಆಸನವನ್ನು 825ರಿಂದ 845 ಮಿಲಿಮೀಟರಿಗೆ ಏರಿಸುವ ಸೌಕರ್ಯವಿದೆ. 805 ಮಿಲಿಮೀಟರಿಗೆ ಇಳಿಸುವ ಬೇರೆ ಆಸನವನ್ನೂ ಕಂಪನಿಯೇ ಒದಗಿಸಿದೆ. ಹೊಸೂರಿನ ಕಾರ್ಖಾನೆಯಲ್ಲಿ ತಯಾರಾದ ಬಿ.ಎಂ.ಡಬ್ಲ್ಯು. ಜಿ 310 ಜಿ.ಎಸ್. ವಾಹನಕ್ಕೆ 820, 835, 850 ಮಿಲಿಮೀಟರುಗಳ ಮೂರು ಎತ್ತರಗಳ ಆಸನಗಳಿದ್ದವು. ಕೆ.ಟಿ.ಎಂ. 390 ಅಡ್ವೆಂಚರ್‌ನ 855 ಮಿಲಿಮೀಟರ್ ಎತ್ತರ ಅನೇಕರಿಗೆ ಅಡ್ಡಿಯಾದಾಗ, 2023ರಲ್ಲಿ 830 ಮಿಲಿಮೀಟರಿನ ತಗ್ಗು ಮಾದರಿಯೊಂದು ಭಾರತದ ಮಾರುಕಟ್ಟೆಗೆ ಬಂದಿತು. ಇವೆಲ್ಲ ಲಕ್ಷಾಂತರ ರೂಪಾಯಿ ಬೆಲೆಯ ಪ್ರವಾಸಿ ವಾಹನಗಳು. ಇದೇ ಸೌಕರ್ಯ ಸಾಮಾನ್ಯ ನೌಕರ ಕೊಳ್ಳುವ ನೂರು, ನೂರಿಪ್ಪತ್ತೈದು ಸಿ.ಸಿ. ವಾಹನಕ್ಕೂ ಬರಬೇಡವೆ? ಪಾದರಕ್ಷೆಯ ಅಂಗಡಿಯಲ್ಲಿ ಆರು, ಏಳು, ಎಂಟು ಎಂದು ಅಳತೆಗಳಿರುವಂತೆ, ಒಂದೇ ವಾಹನಕ್ಕೆ ಎರಡು ಬಗೆಯ ಆಸನಗಳನ್ನು ಮಾರುವಾಗಲೇ ಮುಂದಿಟ್ಟರೆ ಕತ್ತರಿ, ಗರಗಸಗಳ ಅಗತ್ಯವೇ ಬೀಳದು. ಗ್ರಾಹಕರು ಬಾಯಿಬಿಟ್ಟು ಕೇಳದಿರುವವರೆಗೆ ಮಾತ್ರ ಇದು ಬಾರದು. ಎತ್ತರದ ಮಾತೆತ್ತಿದರೆ ಗೆಳೆಯರು ನಕ್ಕಾರೆಂಬ ಸಂಕೋಚದಿಂದ ತರುಣರು ಬಾಯಿ ಮುಚ್ಚಿಕೊಳ್ಳುತ್ತಾರೆ. ಕನ್ನಡಕ ಹಾಕಿಕೊಳ್ಳಲು ಇಲ್ಲದ ನಾಚಿಕೆ ಇಲ್ಲಿ ಏಕೆ?

ಕನ್ನಡ ಸಂಘಗಳೂ ಈ ದಿಕ್ಕಿನಲ್ಲಿ ಒಂದು ಸಣ್ಣ ಕೆಲಸ ಮಾಡಬಹುದು. ಹಲವು ಸಂಘಗಳು ಆರೋಗ್ಯ ತಪಾಸಣಾ ಶಿಬಿರಗಳನ್ನು ನಡೆಸಿ ಸದಸ್ಯರ ರಕ್ತದೊತ್ತಡ, ಸಕ್ಕರೆ, ತೂಕಗಳನ್ನು ಪರೀಕ್ಷಿಸುತ್ತವೆ. ಅದೇ ಮೇಜಿನ ಬಳಿ ಒಂದು ಅಳತೆಯ ಟೇಪನ್ನೂ ಒಂದು ದಪ್ಪ ಪುಸ್ತಕವನ್ನೂ ಇಟ್ಟರೆ ಪ್ರತಿಯೊಬ್ಬ ಸವಾರನ ಕಾಲಿನ ಅಳತೆಯನ್ನು ಒಂದು ಚೀಟಿಯಲ್ಲಿ ಬರೆದು ಕೊಡಬಹುದು. ಮಹಿಳಾ ವಿಭಾಗದವರು ಸದಸ್ಯೆಯರಿಗೆ ಈ ಅಳತೆಯನ್ನು ತೆಗೆದುಕೊಟ್ಟರೆ ಇನ್ನೂ ಒಳ್ಳೆಯದು. ಅಂಗಳದಲ್ಲಿ ನಿಲ್ಲಿಸಿರುವ ನೂರಾರು ವಾಹನಗಳ ಪೈಕಿ ನಾಲ್ಕನ್ನು ತಂದು, ಅನುಭವಿ ಮೆಕ್ಯಾನಿಕರೊಬ್ಬರಿಂದ ಸ್ಪ್ರಿಂಗಿನ ಹಂತ ಬದಲಾಯಿಸುವುದು ಹೇಗೆಂದು ತೋರಿಸಿದರೆ ಅರ್ಧ ಗಂಟೆಯ ಕೆಲಸ. ಅದಕ್ಕೆ ತಗಲುವ ವೆಚ್ಚ ಒಂದು ಹಾರದ ಬೆಲೆಗಿಂತ ಹೆಚ್ಚಾಗದು. ಆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗುವವನು ಬೆಲೆಯನ್ನು ಎರಡನೆಯ ಪ್ರಶ್ನೆಯಾಗಿ ಕೇಳಲಿ.